ಹತ್ತು ಸಾವಿರದಲ್ಲಿ ಬಟ್ಟೆ ಒಗೆಯುವ ಜಾಗ ಸರಿ ಮಾಡಿಕೊಳ್ಳುವುದು: ಬಣ್ಣದ ಡಬ್ಬ ಕೊನೆಗೆ ತೆಗೆಯಿರಿ

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 30-40 ಸೈಟಿನ ಹಳೇ ಮನೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ನಾಲ್ಕು ಅಡಿ ಅಗಲ, ಒಂಬತ್ತು ಅಡಿ ಉದ್ದದ ಒಂದು ಓಣಿ ಇದೆ. ಮೇಲೆ ಶೀಟು, ಒಂದು ಕಡೆ ಒಗೆಯುವ ಕಲ್ಲು, ಇನ್ನೊಂದು ಕಡೆ ವಾಷಿಂಗ್ ಮೆಷಿನ್, ಮಧ್ಯೆ ಬಕೆಟ್, ಹಳೇ ಪೇಪರ್ ಕಟ್ಟು, ಒಡೆದ ಕುಂಡ, ಯಾರದ್ದು ಅಂತಲೇ ಗೊತ್ತಿಲ್ಲದ ಒಂದು ಸೈಕಲ್ ಟೈರು. ನಾವು ಅದಕ್ಕೆ ಯುಟಿಲಿಟಿ ಅನ್ನುತ್ತೇವೆ. ನಮ್ಮತ್ತೆ ‘ಹಿಂದುಗಡೆ’ ಅಂತಷ್ಟೇ ಅನ್ನುತ್ತಾರೆ. ನೆಂಟರು ಬಂದರೆ ಆ ಬಾಗಿಲು ಹಾಕಿಬಿಡುತ್ತಿದ್ದೆವು.

ಎರಡು ವರ್ಷದ ಹಿಂದೆ ದಸರಾಗೆ ನಾದಿನಿ ಮನೆಯವರು ಬರುತ್ತಾರೆ ಅಂತ ಒಂದು ವಾರದಲ್ಲಿ ಗೋಡೆ ಕೆರೆದು, ನಯವಾಗಲು ಬಳಿಯುವ ಪಟ್ಟಿ (ಪುಟ್ಟಿ) ಹಾಕಿ, ತಿಳಿ ಹಸಿರು ಬಣ್ಣ ಹೊಡೆದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ ಫೋಟೋ ತೆಗೆದು ಅಕ್ಕತಂಗಿಯರಿಗೆಲ್ಲ ಕಳಿಸಿದೆ. ದೀಪಾವಳಿ ಹೊತ್ತಿಗೆ ಕೆಳಗಿನ ಎರಡು ಅಡಿ ಹಪ್ಪಳದ ಹಾಗೆ ಉಬ್ಬಿ ಉದುರತೊಡಗಿತು. ಬಣ್ಣ ಒಳ್ಳೆಯದೇ ಇತ್ತು, ತಪ್ಪು ನನ್ನದು. ಹಾಗಾಗಿ ಈ ಸಲ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಇಲ್ಲಿ ಕ್ರಮ ತಪ್ಪಿದರೆ ದುಡ್ಡು ಎರಡು ಸಲ ಹೋಗುತ್ತದೆ, ನನ್ನದು ಹೋಗಿದೆ.

ಮೊದಲ ದಿನ ಏನೂ ಕೊಳ್ಳಬೇಡಿ. ಇರುವುದನ್ನೆಲ್ಲ ಹೊರಗೆ ಹಾಕಿ. ಮೆಷಿನ್ನನ್ನೂ ಎಳೆದು ಹೊರಗಿಡಿ. ಖಾಲಿ ನೆಲದ ಮೇಲೆ ಎರಡು ಬಕೆಟ್ ನೀರು ಸುರಿದು ಹತ್ತು ನಿಮಿಷ ಸುಮ್ನೆ ನೋಡುತ್ತಾ ನಿಲ್ಲಿ. ನೀರು ಎಲ್ಲಿ ನಿಂತುಕೊಳ್ಳುತ್ತದೋ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನಮ್ಮಲ್ಲಿ ಮೂರು ಗೆರೆ ಬಿದ್ದವು, ಒಂದು ಸರಿಯಾಗಿ ಮೆಷಿನ್ ಕೂರುವ ಜಾಗದಲ್ಲೇ. ಅಂದರೆ ಇಷ್ಟು ವರ್ಷ ಮೆಷಿನ್ನಿನ ಕಾಲು ನೀರಿನಲ್ಲೇ ನೆನೆಯುತ್ತಿತ್ತು, ಕೆಳಗಿನ ತಗಡು ಸುಮ್ಮಸುಮ್ಮನೆ ತುಕ್ಕು ಹಿಡಿದಿರಲಿಲ್ಲ.

ಆಮೇಲೆ ಗೋಡೆ. ಒಂದು ಪ್ಲಾಸ್ಟಿಕ್ ಕವರನ್ನು ಒಂದು ಅಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಕವರಿನ ಒಳಮೈಗೆ, ಅಂದರೆ ಗೋಡೆ ಕಡೆಗೆ, ನೀರಹನಿ ಕೂತಿದ್ದರೆ ತೇವ ಗೋಡೆಯ ಒಳಗಿಂದ ಬರುತ್ತಿದೆ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ಗಾಳಿ ಓಡಾಡುವಂತೆ ಮಾಡಿದರೆ ಸಾಕು. ನಮ್ಮದು ಒಳಗಿಂದಲೇ. ಕಾರಣ ಹುಡುಕಿದರೆ ನಗು ಬಂತು. ಆ ಗೋಡೆಯ ಆಚೆ ಹಿತ್ತಲಿನಲ್ಲಿ ನಾನೇ ಒಂದು ಅಡಿ ಮಣ್ಣು ಏರಿಸಿ ಬಸಳೆ, ದೊಡ್ಡಪತ್ರೆ ಹಾಕಿದ್ದೆ, ದಿನಾ ಸಂಜೆ ನೀರು ಬಿಡುತ್ತಿದ್ದೆ. ಆ ನೀರೆಲ್ಲ ಇಟ್ಟಿಗೆಗೆ ಹೋಗುತ್ತಿತ್ತು. ಇಟ್ಟಿಗೆ, ಗಾರೆ ಎರಡೂ ದೀಪದ ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತವೆ, ನೀರು ಆರಿದ ಮೇಲೆ ಅದರಲ್ಲಿದ್ದ ಉಪ್ಪು ಬಿಳಿ ಪುಡಿಯಾಗಿ ಹೊರಗೆ ಬಂದು ಬಣ್ಣವನ್ನು ತಳ್ಳುತ್ತದೆ.

ಗಾರೆ ಕೆಲಸಕ್ಕೆ ಅಂತ ಕರೆಸಿದ್ದ ಮೇಸ್ತ್ರಿ ಗೋಡೆ ಮುಟ್ಟಿ ನೋಡಿ ಒಂದೇ ಮಾತು ಹೇಳಿದರು: “ಗೋಡೆ ನೀರು ಕುಡ್ಕೊಂಡು ಕೂತದೆ ಕಣಕ್ಕ, ಅದ್ರ ಮ್ಯಾಲೆ ಬಣ್ಣ ಹೊಡುದ್ರೆ ಎಲ್ಲಿ ನಿಂತದೆ?” ಎರಡು ವರ್ಷದ ಹಿಂದೆ ಇವರು ಸಿಗಬಾರದಿತ್ತಾ ಅನ್ನಿಸಿತು.

ಮಣ್ಣನ್ನು ಗೋಡೆಯಿಂದ ಒಂದು ಅಡಿ ಹಿಂದಕ್ಕೆ ಸರಿಸಿ, ಒಳಗಿನ ನೆಲಕ್ಕಿಂತ ಅರ್ಧ ಅಡಿ ಕೆಳಗಿರುವ ಹಾಗೆ ತಗ್ಗಿಸಿದೆ. ಬಸಳೆಯನ್ನು ಕಾಂಪೌಂಡಿನ ಇನ್ನೊಂದು ಮೂಲೆಗೆ ಹಾಕಿದೆ. ಖರ್ಚು ಸೊನ್ನೆ, ಬೆನ್ನುನೋವು ಮೂರು ದಿನ. ನಿಮ್ಮ ಮನೆಯಲ್ಲಿ ಕಾರಣ ಬೇರೆ ಇರಬಹುದು. ಗೋಡೆಯೊಳಗಿನ ಪೈಪು ಸೋರುತ್ತಿರಬಹುದು, ಆ ಕಡೆ ಬಚ್ಚಲಿರಬಹುದು, ಮಳೆನೀರಿನ ಪೈಪು ಗೋಡೆ ಬುಡಕ್ಕೇ ಸುರಿಯುತ್ತಿರಬಹುದು. ಅದನ್ನು ನಿಲ್ಲಿಸದೆ ಯಾವ ವಾಟರ್‌ಪ್ರೂಫ್ ಡಬ್ಬ ತಂದು ಬಳಿದರೂ ತೇವ ಇನ್ನೊಂದು ಅಡಿ ಮೇಲೆ ಹೋಗಿ ಅಲ್ಲಿ ಹೊರಗೆ ಬರುತ್ತದೆ.

ಈ ಕೆಲಸ ಶುರು ಮಾಡಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ನಮ್ಮ ಮೈಸೂರಿಗೆ ಜೋರು ಮಳೆ ಬರುವುದು ಹೆಚ್ಚಾಗಿ ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರಾ ಮುಂಚಿನ ಒಂದು ವಾರ ಅಂದರೆ ಗೋಡೆ ಒಣಗದೇ ಇರುವ ವಾರ. ನಾನು ಆರಿಸಿಕೊಂಡಿದ್ದು ಅದನ್ನೇ ನೋಡಿ.

ನೆಲಕ್ಕೆ ಮೇಸ್ತ್ರಿಯನ್ನೇ ಕರೆಯಿರಿ

ಎಲ್ಲವನ್ನೂ ನಾವೇ ಮಾಡುತ್ತೇವೆ ಅನ್ನುವ ಹುಮ್ಮಸ್ಸು ನೆಲದ ಹತ್ತಿರ ಬೇಡ. ನೀರು ಹರಿಯುವ ಇಳಿಜಾರಿಗೆ ಮೇಸ್ತ್ರಿಗಳು ವಾಟ ಅನ್ನುತ್ತಾರೆ. ಅದು ಜಾಸ್ತಿಯಾದರೆ ಮೆಷಿನ್ ನೆಟ್ಟಗೆ ಕೂರುವುದಿಲ್ಲ, ಕಮ್ಮಿಯಾದರೆ ನೀರು ಹೋಗುವುದಿಲ್ಲ. ಎಂಬತ್ತು ಅಡಿಗೆ ಒಂದು ಅಡಿ ಇಳಿದರೆ ಒಗೆಯುವ ಜಾಗಕ್ಕೆ ಸಾಕು. ನಮ್ಮ ಒಂಬತ್ತು ಅಡಿಗೆ ಅದು ಒಂದೂಕಾಲು ಒಂದೂವರೆ ಇಂಚು ಆಯಿತು. ಮೇಸ್ತ್ರಿ ಮಟ್ಟ ನೋಡುವ ರಸಮಟ್ಟ ತರುತ್ತಾರೆ. ಆದರೂ ಸಿಮೆಂಟು ಹಾಕುವ ಮೊದಲು, ಎರಡೂ ತುದಿಯಲ್ಲಿ ನೀರು ತುಂಬಿದ ತೆಳು ಪೈಪು ಹಿಡಿದು ನೀವೂ ಒಮ್ಮೆ ನೋಡಿ. ಎರಡು ಕಡೆಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅಲ್ಲಿಂದ ನೆಲಕ್ಕೆ ಸ್ಕೇಲ್ ಹಿಡಿದು ಅಳೆದರೆ ಎಷ್ಟು ಇಳಿದಿದೆ ಅಂತ ಗೊತ್ತಾಗುತ್ತದೆ.

ಮೆಷಿನ್ ಕೂರುವ ಜಾಗವನ್ನು ಮಾತ್ರ ನಾಲ್ಕು ಇಂಚು ಎತ್ತರಿಸಿ, ಪೂರ್ತಿ ಮಟ್ಟವಾಗಿ ಒಂದು ಕಟ್ಟೆ ಕಟ್ಟಿಸಿ. ಚಕ್ರದ ಸ್ಟ್ಯಾಂಡು ನನಗೆ ಇಷ್ಟವಿಲ್ಲ. ಬಟ್ಟೆ ಹಿಂಡುವಾಗ ಮೆಷಿನ್ ಅದರ ಮೇಲೆ ನಡೆದಾಡುತ್ತದೆ, ನಮ್ಮದು ಒಂದು ಸಲ ನಲ್ಲಿ ಪೈಪನ್ನೇ ಎಳೆದುಕೊಂಡು ಬಾಗಿಲಿಗೆ ಬಂದಿತ್ತು. ಕಟ್ಟೆ ಮೇಲೆ ಕೂರಿಸಿ, ನಾಲ್ಕೂ ಕಾಲನ್ನು ತಿರುಗಿಸಿ, ಮೇಲೆ ರಸಮಟ್ಟ ಇಟ್ಟು ಸರಿ ಮಾಡಿದರೆ ಸದ್ದು ಅರ್ಧಕ್ಕೆ ಇಳಿಯುತ್ತದೆ. ಹೊಸ ಫ್ರಂಟ್ ಲೋಡ್ ಮೆಷಿನ್ ಆದರೆ, ಸಾಗಿಸುವಾಗ ಡ್ರಮ್ ಅಲ್ಲಾಡದಿರಲಿ ಅಂತ ಹಿಂದೆ ಬೋಲ್ಟ್ ಹಾಕಿರುತ್ತಾರೆ. ಅದನ್ನು ತೆಗೆದಿದ್ದಾರಾ ಅಂತ ಒಮ್ಮೆ ನೋಡಿಕೊಳ್ಳಿ.

ಸಿಮೆಂಟ್ ಹಾಕಿದ ಮೇಲೆ ಏಳು ದಿನ ನೀರು ಹಾಕಿ ಕ್ಯೂರಿಂಗ್ ಮಾಡಬೇಕು. ಈ ಏಳು ದಿನ ಬಟ್ಟೆ ಎಲ್ಲಿ ಒಗೆಯುವುದು ಅಂತ ಮೊದಲೇ ಯೋಚಿಸಿಕೊಳ್ಳಿ. ನಾನು ಯೋಚಿಸಿರಲಿಲ್ಲ.

ನೀರು ಹೋಗುವ ತೂತು, ಅದೇ ನಹಾನಿ ಟ್ರ್ಯಾಪು, ಇದರ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಅದರ ಒಳಗೆ ಎರಡು ಇಂಚಿನಷ್ಟು ನೀರು ಸದಾ ನಿಂತಿರಬೇಕು, ಆ ನೀರೇ ಚರಂಡಿಯ ವಾಸನೆಗೆ ಬಾಗಿಲು. ಊರಿಗೆ ಹೋಗಿ ಬಂದಾಗ ಮನೆಯಲ್ಲಿ ಗಬ್ಬು ಅನ್ನಿಸುತ್ತದಲ್ಲ, ಅದು ಆ ನೀರು ಒಣಗಿದ್ದಕ್ಕೆ. ಎರಡು ಚೊಂಬು ನೀರು ಸುರಿದರೆ ಹೋಗುತ್ತದೆ. ಮೇಲಿನ ಹಳೇ ಅಲ್ಯೂಮಿನಿಯಂ ಜಾಲರಿ ತೆಗೆದು, ಕೆಳಗೆ ಬಟ್ಟಲು ಇರುವ ಸ್ಟೀಲ್ ಜಾಲರಿ ಹಾಕಿಸಿದೆ, ಮುನ್ನೂರೈವತ್ತು ರೂಪಾಯಿ. ಜಿರಲೆ ಬರುವುದು ಕಮ್ಮಿಯಾಯಿತು.

ಮೆಷಿನ್ನಿನ ಕೊಳೆ ನೀರಿನ ಪೈಪಿನಲ್ಲೂ ಒಂದು ವಿಷಯ ಇದೆ. ಟಾಪ್ ಲೋಡ್‌ಗಳಲ್ಲಿ ಎಷ್ಟೋ ಮೆಷಿನ್ನಿಗೆ ಪಂಪು ಇರುವುದಿಲ್ಲ, ಅದರ ಪೈಪು ನೆಲದ ಮೇಲೇ ಇರಬೇಕು. ಫ್ರಂಟ್ ಲೋಡ್ ಆದರೆ ಇದಕ್ಕೆ ಉಲ್ಟಾ. ಪೈಪನ್ನು ನೆಲದಿಂದ ಎರಡು ಅಡಿಗಿಂತ ಮೇಲಕ್ಕೆ ಕೊಕ್ಕೆ ಹಾಕಿ ಆಮೇಲೆ ಇಳಿಸಬೇಕು, ಮೂರು ಅಡಿ ದಾಟುವುದೂ ಬೇಡ. ನೆಲಕ್ಕೆ ಬಿಟ್ಟರೆ ಒಳಗೆ ತುಂಬಿದ ನೀರು ತಾನಾಗಿಯೇ ಹೊರಗೆ ಹೋಗುತ್ತಿರುತ್ತದೆ, ಮೆಷಿನ್ ತುಂಬಿಸುತ್ತಲೇ ಇರುತ್ತದೆ, ನಾವು ಮೆಷಿನ್ ಕೆಟ್ಟಿದೆ ಅಂತ ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತೇವೆ. ಸರಿಯಾದ ಎತ್ತರ ನಿಮ್ಮ ಮೆಷಿನ್ನಿನ ಪುಸ್ತಕದಲ್ಲಿರುತ್ತದೆ.

ಕರೆಂಟಿಗೆ ಎಲೆಕ್ಟ್ರಿಷಿಯನ್ನೇ ಬರಬೇಕು

ಇಲ್ಲಿ ಉಳಿತಾಯದ ಮಾತೇ ಬೇಡ. ಮೊದಲು ನಾವು ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದಿದ್ದೆವು. ಒಂದು ದಿನ ಒದ್ದೆ ಕಾಲಿನಲ್ಲಿ ನಿಂತು ಮೆಷಿನ್ ಮುಟ್ಟಿದಾಗ ಬೆರಳು ಜುಂ ಅಂದಿತು. ಹಾಗೆ ಆದರೆ ಅರ್ಥಿಂಗ್ ಸರಿಯಿಲ್ಲ ಅಂತಲೇ ತಿಳಿಯಿರಿ, ಆ ದಿನವೇ ಮೆಷಿನ್ ಬಳಸುವುದನ್ನು ನಿಲ್ಲಿಸಿ. ನೀರು ಕಾಯಿಸಿ ಒಗೆಯುವ ಮೆಷಿನ್ 2000 ವ್ಯಾಟಿನ ಆಸುಪಾಸು ಎಳೆಯುತ್ತದೆ, ಅಂದರೆ 9 ಆಂಪಿಯರ್ ಹತ್ತಿರ. 6 ಆಂಪಿಯರಿನ ಮಾಮೂಲಿ ಪ್ಲಗ್ಗಿಗೆ ಅದು ಆಗುವ ಕೆಲಸವಲ್ಲ. ಬೋರ್ಡಿನಿಂದ ನೇರವಾಗಿ ಬೇರೆ ಲೈನು, ಕನಿಷ್ಠ 2.5 ಚದರ ಮಿಲಿಮೀಟರ್ ವೈರು, 16 ಆಂಪಿಯರ್ ಪ್ಲಗ್ಗು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ನಲ್ಲಿಯಿಂದ ದೂರ, ಮೇಲೆ ಮುಚ್ಚಳ ಇರುವ ಬಾಕ್ಸು. ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ಕೇಳಿ. ಇಲ್ಲದಿದ್ದರೆ ಬಣ್ಣದ ದುಡ್ಡನ್ನು ಇದಕ್ಕೆ ಹಾಕಿ, ಗೋಡೆ ಇನ್ನೊಂದು ವರ್ಷ ಕಾಯುತ್ತದೆ. ನಮ್ಮಲ್ಲಿ ಅದು ಮೊದಲೇ ಇತ್ತು. ವೈರು, ಪ್ಲಗ್ಗು, ಕೂಲಿ ಸೇರಿ 1600 ಆಯಿತು.

ಗೋಡೆ, ಕೊನೆಗೂ

ಉಪ್ಪು ಬಂದ ಗೋಡೆಯನ್ನು ನೀರು ಹಾಕಿ ತೊಳೆಯಬೇಡಿ. ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ತಂತಿ ಬ್ರಷ್ಷಿನಿಂದ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ಒಂದು ವಾರ ಬಿಟ್ಟು ಮತ್ತೆ ಬಂದರೆ ಮತ್ತೆ ಉಜ್ಜಿ. ಉಪ್ಪು ಬರುವುದು ನಿಲ್ಲುವವರೆಗೂ ಇದೇ ಕೆಲಸ. ನನಗೆ ಆರು ವಾರ ಹಿಡಿಯಿತು, ಮನೆಯಲ್ಲಿ ಎಲ್ಲರೂ ಇವಳು ಈ ಸಲವೂ ಮುಗಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದರು. ಸಡಿಲವಾದ ಗಾರೆ ಬೆರಳಲ್ಲಿ ತಟ್ಟಿದರೆ ಡಬ್ಬ ಅನ್ನುತ್ತದೆ. ಅದನ್ನು ಕೆರೆದು ತೆಗೆದು ಹೊಸದಾಗಿ ಹಾಕಿಸಿ. ಹೊಸ ಗಾರೆಯ ಮೇಲೆ ಬಣ್ಣ ಹೊಡೆಯುವ ಮೊದಲು ನಾಲ್ಕು ವಾರ ಬಿಡಬೇಕು.

ಕೆಳಗಿನ ಎರಡು ಅಡಿಗೆ ಟೈಲ್ಸ್ ಹಾಕಿದರೆ ನೀರು ಸಿಡಿದರೂ ಚಿಂತೆಯಿಲ್ಲ. ಹೊಸ ಟೈಲ್ಸ್ ಬೇಕಿಲ್ಲ. ಟೈಲ್ಸ್ ಅಂಗಡಿಗಳಲ್ಲಿ ಬೇರೆಯವರಿಗೆ ಕೊಟ್ಟು ಮಿಕ್ಕ ಒಂದು ಬಾಕ್ಸು, ಅರ್ಧ ಬಾಕ್ಸು ಹಿಂದೆ ಬಿದ್ದಿರುತ್ತದೆ. ಕೇಳಿದರೆ ಕಮ್ಮಿಗೆ ಕೊಡುತ್ತಾರೆ, ಕೇಳಬೇಕು ಅಷ್ಟೇ. ನಾನು ಮೂರು ಬಗೆಯದು ತಂದೆ, 450 ರೂಪಾಯಿ. ಬಿಳಿ, ಬೂದು, ಮತ್ತೊಂದು ನೀಲಿ ಹೂವಿನದು. ನೀಲಿಯದನ್ನು ಅಲ್ಲೊಂದು ಇಲ್ಲೊಂದು ಹಾಕಿದ್ದಕ್ಕೆ ಬೇಕಂತಲೇ ಮಾಡಿಸಿದ ಡಿಸೈನು ಅಂತ ಬಂದವರು ಅಂದುಕೊಳ್ಳುತ್ತಾರೆ. ಸಂದಿಗೆ ಗ್ರೌಟ್ ತುಂಬಿ ಒಂದು ದಿನ ನೀರು ತಾಕಿಸಬೇಡಿ. ಆಮೇಲೆ ಯಾವತ್ತೂ ಅದರ ಮೇಲೆ ಆಸಿಡ್ ಸುರಿಯಬೇಡಿ, ಸಂದಿನ ಸಿಮೆಂಟನ್ನೇ ತಿಂದುಹಾಕುತ್ತದೆ. ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪುಡಿ ಹಾಕುವುದಂತೂ ಬೇಡವೇ ಬೇಡ, ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಇಂಥ ಚಿಕ್ಕ ಜಾಗದಲ್ಲಿ ಓಡಲೂ ದಾರಿಯಿರುವುದಿಲ್ಲ.

ಮೇಲಿನ ಭಾಗಕ್ಕೆ ಸಿಮೆಂಟ್ ಬೇಸಿನ ಪಟ್ಟಿ ತೆಳ್ಳಗೆ ಎರಡು ಕೈ, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ, ಅದು ತೇವಕ್ಕೆ ಮೆತ್ತಗಾಗುತ್ತದೆ. ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ, ಒಂದು ಕೈ ಪ್ರೈಮರ್, ಎರಡು ಕೈ ಹೊರಗೋಡೆಯ ಎಮಲ್ಷನ್. ಒಳಗಿನ ಜಾಗಕ್ಕೆ ಹೊರಗಿನ ಬಣ್ಣ ಯಾಕೆ ಅಂತ ಅಂಗಡಿಯಲ್ಲಿ ಕೇಳಿದರು. ನೀರು, ಸೋಪು, ಬಿಸಿಲು ಎಲ್ಲ ಬೀಳುವ ಜಾಗ, ಹೆಸರಿಗಷ್ಟೇ ಒಳಗೆ. ಬಣ್ಣದ ಮಾತು ಬಂತು ಅಂತ ಹೇಳುತ್ತೇನೆ, ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮೂರಿನ ಬಣ್ಣದ ಕಾರ್ಖಾನೆಯಲ್ಲೇ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. ಗೋಡೆಗೂ ಅಷ್ಟು ಗಟ್ಟಿಯಾಗಿ ಹಿಡಿಯುವ ಬಣ್ಣ ಇದ್ದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಪಟ್ಟಿ, ಪ್ರೈಮರ್, ಬಣ್ಣ, ಬ್ರಷ್ಷು, ರೋಲರ್ ಎಲ್ಲ ಸೇರಿ 2300. ಬಣ್ಣ ಹೊಡೆಯಲು ಕೂಲಿ ಕೊಡಬೇಡಿ, ಇಷ್ಟು ಚಿಕ್ಕ ಗೋಡೆ ಒಂದು ಭಾನುವಾರದ ಕೆಲಸ.

ಒಗೆಯುವ ಕಲ್ಲನ್ನು ಕಿತ್ತು ಹಾಕಿಸೋಣ ಅಂತ ನಮ್ಮನೆಯವರು, ಮೇಸ್ತ್ರಿ ಇಬ್ಬರೂ ಹೇಳಿದರು. ಅತ್ತೆ ಬಾಗಿಲಲ್ಲಿ ನಿಂತು “ಅದು ಇರಲಿ ಕಣಮ್ಮ, ಮೆಷಿನ್ ಕೆಟ್ಟಾಗ ನನ್ನ ತಲೆ ಮೇಲೆ ಕುಕ್ಕಿ ಒಗೀತೀಯಾ?” ಅಂದರು. ಉಳಿಸಿಕೊಂಡೆ. ಸ್ಕೂಲ್ ಯೂನಿಫಾರ್ಮಿನ ಕಾಲರ್, ಕಾಲೊರೆಸುವ ಬಟ್ಟೆ, ಅಡುಗೆಮನೆ ಮಸಿಬಟ್ಟೆ ಇವಕ್ಕೆಲ್ಲ ಕಲ್ಲೇ ಸರಿ. ಅದನ್ನು ನಲ್ಲಿ ಇರುವ ಮೂಲೆಗೆ ಸರಿಸಿ, ಸುತ್ತ ಒಂದು ಇಂಚಿನ ಅಂಚು ಕಟ್ಟಿಸಿದ್ದಕ್ಕೆ ಸೋಪಿನ ನೀರು ಓಣಿ ತುಂಬ ಹರಡುವುದು ನಿಂತಿದೆ.

ಸಾಮಾನು ಇಡಲು ಮರದ ಕಪಾಟು, ಪ್ಲೈವುಡ್ಡು ಈ ಜಾಗಕ್ಕೆ ಆಗುವುದಿಲ್ಲ, ಎರಡು ಮಳೆಗಾಲಕ್ಕೆ ಉಬ್ಬಿಕೊಳ್ಳುತ್ತದೆ. ಕಡಪ ಕಲ್ಲಿನ ಎರಡು ಹಲಗೆ, ನಾಲ್ಕು ಕಬ್ಬಿಣದ ಬ್ರಾಕೆಟ್, 900 ರೂಪಾಯಿ. ಕಲ್ಲಿನ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ, ಅಂಚು ಉಜ್ಜಿ ಕೊಡುತ್ತಾರೆ. ಬ್ರಾಕೆಟ್ ಹಾಕುವಾಗ ಗೋಡೆ ಕೊರೆದು, ಪ್ಲಾಸ್ಟಿಕ್ ಪ್ಲಗ್ ತುರುಕಿ, ಸ್ಕ್ರೂ ಬಿಗಿಯಿರಿ. ಬರೀ ಮೊಳೆ ಹೊಡೆದರೆ ಕಲ್ಲಿನ ಭಾರಕ್ಕೆ ಒಂದು ದಿನ ಎಲ್ಲ ಕೆಳಗೆ. ಕೊರೆಯುವ ಮೊದಲು ಒಳಗೆ ಪೈಪು, ವೈರು ಎಲ್ಲಿ ಹೋಗಿದೆ ನೋಡಿಕೊಳ್ಳಿ. ನಲ್ಲಿಯ ನೇರಕ್ಕೆ, ಸ್ವಿಚ್ಚಿನ ನೇರಕ್ಕೆ ಮೇಲೆ ಕೆಳಗೆ ಎಲ್ಲೂ ಡ್ರಿಲ್ ಇಡಬೇಡಿ.

ಇನ್ನು ಒಣಹಾಕುವುದು. ಅಂಗಡಿಯಲ್ಲಿ ರಾಟೆ ಹ್ಯಾಂಗರ್ ಅಂತ ಮೇಲಿಂದ ಇಳಿಬಿಡುವ ಸ್ಟೀಲ್ ಪೈಪುಗಳು ಸಿಗುತ್ತವೆ, ಚೆನ್ನಾಗಿಯೇ ಇವೆ, ಆದರೆ ದುಡ್ಡು. ನಮ್ಮಜ್ಜಿ ಮನೆಯಲ್ಲಿ ಸೂರಿನಿಂದ ಹಗ್ಗದಲ್ಲಿ ಇಳಿಬಿಟ್ಟ ಬಿದಿರು ಗಳು ಇತ್ತು, ಮಡಿ ಸೀರೆಯನ್ನು ಕೋಲಿನಲ್ಲಿ ಎತ್ತಿ ಅದರ ಮೇಲೆ ಹರಡುತ್ತಿದ್ದರು. ಅದನ್ನೇ ಮಾಡಿದೆ. ಬಂಬೂ ಬಜಾರಿಗೆ ಹೋಗಿ ಎಂಟು ಅಡಿಯ ನೆಟ್ಟಗಿನ ಮೂರು ಗಳು ತಂದೆ. ಗಿಣ್ಣುಗಳನ್ನು ಉಪ್ಪು ಕಾಗದದಲ್ಲಿ ಚೆನ್ನಾಗಿ ಉಜ್ಜಿ. ಒಂದು ಸಿಬಿರು ಉಳಿದರೂ ಸೀರೆ ನೂಲು ಎಳೆಯುತ್ತದೆ, ಅದು ಒಳ್ಳೆಯ ಸೀರೆಯದೇ ಆಗಿರುತ್ತದೆ. ಎರಡು ಕೈ ವಾರ್ನಿಷ್ ಹೊಡೆದು ವಾರ ಒಣಗಿಸಿದರೆ ಬಿದಿರಿನ ಕಲೆ ಬಟ್ಟೆಗೆ ಹಿಡಿಯುವುದಿಲ್ಲ. ಪ್ರತಿ ಗಳಕ್ಕೂ ಎರಡು ಚಿಕ್ಕ ರಾಟೆ, ನೈಲಾನ್ ಹಗ್ಗ, ಗೋಡೆಗೆ ಹಗ್ಗ ಸುತ್ತಲು ಒಂದು ಕೊಕ್ಕೆ. ಎಲ್ಲ ಸೇರಿ 600. ಇಳಿಸಿ ಬಟ್ಟೆ ಹಾಕಿ, ಎಳೆದು ಮೇಲಕ್ಕೆ ಕಳಿಸಿದರೆ ತಲೆಗೆ ತಾಗುವುದಿಲ್ಲ. ರಾಟೆಯನ್ನು ಶೀಟಿಗೆ ಕಟ್ಟಬೇಡಿ, ಶೀಟಿನ ಕೆಳಗಿನ ಕಬ್ಬಿಣದ ಪೈಪಿಗೆ ಕಟ್ಟಿ. ಏಳು ಕೆಜಿ ಬಟ್ಟೆ ಮೆಷಿನ್ನಿನಲ್ಲಿ ಹಿಂಡಿದ ಮೇಲೂ ಹತ್ತು ಕೆಜಿ ಆಸುಪಾಸು ತೂಗುತ್ತದೆ.

ಮೂರು ಶೀಟಿನಲ್ಲಿ ಒಂದನ್ನು ತೆಗೆದು ಬೆಳಕು ಬರುವ ಫೈಬರ್ ಶೀಟ್ ಹಾಕಿಸಿದೆ, 800. ಹಗಲು ಹೊತ್ತು ಲೈಟು ಬೇಕಿಲ್ಲ. ಗೋಡೆಗೂ ಶೀಟಿಗೂ ನಡುವೆ ಇದ್ದ ಅರ್ಧ ಅಡಿ ಸಂದನ್ನು ಮುಚ್ಚಲಿಲ್ಲ, ಜಾಲರಿ ಮಾತ್ರ ಹೊಡೆದೆ. ಬಟ್ಟೆ ಒಣಗುವುದಕ್ಕೆ ಬಿಸಿಗಿಂತ ಗಾಳಿ ಓಡಾಡುವುದು ಮುಖ್ಯ. ಸೋನೆ ಹಿಡಿದ ದಿನ ಹಳೇ ಟೇಬಲ್ ಫ್ಯಾನ್ ಇಟ್ಟರೆ ರಾತ್ರಿಯೊಳಗೆ ಶಾಲೆ ಬಟ್ಟೆ ರೆಡಿ. ರೇಷ್ಮೆ ಸೀರೆಗೆ ಮಾತ್ರ ಫೈಬರ್ ಶೀಟಿನ ಕೆಳಗಿನ ಗಳು ಬೇಡ, ನೆರಳಿನ ಕಡೆಯದಕ್ಕೆ ಹಾಕಿ.

ಇಲಿ, ಹೆಗ್ಗಣದ ಕಾಟ ಹಿತ್ತಲು ಇರುವ ಎಲ್ಲರಿಗೂ ಗೊತ್ತು. ಮೆಷಿನ್ನಿನ ಕೆಳಗೆ ನುಗ್ಗಿ ವೈರು ಕಡಿಯುತ್ತವೆ. ಪೈಪು ಹೋಗುವ ತೂತಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಮೆತ್ತಿ, ಮೆಷಿನ್ ತಳಕ್ಕೆ ಜಾಲರಿ ಕಟ್ಟಿ.

ನೀರಿನದ್ದು ಒಂದು ಮಾತು. ಕಾವೇರಿ ನೀರು ಬಂದರೆ ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೋರ್ ನೀರಾದರೆ ಎಷ್ಟು ಪುಡಿ ಹಾಕಿದರೂ ಸಾಲದು. ಬೋರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ, ಅದೇ ಮೆಷಿನ್ನಿನ ಒಳಗೆ ಬಿಳಿ ಪಾಚಿಯ ಹಾಗೆ ಕಟ್ಟಿಕೊಳ್ಳುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೂರು ಗ್ರಾಂ ನಿಂಬೆ ಉಪ್ಪು ಹಾಕಿ, ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಒಮ್ಮೆ ಓಡಿಸುತ್ತೇನೆ. ನಲ್ಲಿ ಪೈಪಿನ ತುದಿಯಲ್ಲಿ ಒಂದು ಚಿಕ್ಕ ಜಾಲರಿ ಇರುತ್ತದೆ, ಮಣ್ಣು ಕಟ್ಟಿಕೊಂಡು ನೀರು ತೊಟ್ಟಿಕ್ಕುತ್ತಿದ್ದರೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಆಯಿತು.

ಮೇಸ್ತ್ರಿ, ಕೈಯಾಳು ಒಂದು ದಿನಕ್ಕೆ 1800, ಸಿಮೆಂಟ್, ಮರಳು, ಟೈಲ್ಸಿನ ಗೋಂದು, ಗ್ರೌಟ್ ಎಲ್ಲ 1400. ಎಲ್ಲ ಕೂಡಿಸಿದರೆ 10,200. ಹತ್ತು ಸಾವಿರ ದಾಟಿದರೆ ನಾನು ಕೊಡಲ್ಲ ಅಂದಿದ್ದ ನಮ್ಮನೆಯವರಿಗೆ ಆ ಇನ್ನೂರನ್ನು ಹಳೇ ಪೇಪರ್, ಹಳೇ ಕಬ್ಬಿಣ ಮಾರಿ ಸರಿದೂಗಿಸಿ ತೋರಿಸಿದೆ. ಸೈಕಲ್ ಟೈರನ್ನು ಗುಜರಿಯವರೂ ತೆಗೆದುಕೊಳ್ಳಲಿಲ್ಲ, ಅದು ಈಗ ಬಸಳೆ ಬಳ್ಳಿಗೆ ಆಸರೆ.

ಎಲ್ಲ ಮುಗಿದ ಮೇಲೆ ಸಾಮಾನು ಒಳಗೆ ತರುವ ಮೊದಲು ಬಟ್ಟೆ ಹಾಕದೆ ಒಂದು ಸಲ ಮೆಷಿನ್ ಪೂರ್ತಿ ಓಡಿಸಿ. ಟಾರ್ಚ್ ಹಿಡಿದು ನಲ್ಲಿಯ ಜಾಯಿಂಟು, ಮೆಷಿನ್ನಿನ ಹಿಂದೆ, ಕಟ್ಟೆಯ ಅಂಚು, ಜಾಲರಿ ನಾಲ್ಕೂ ಕಡೆ ನೋಡಿ. ನೀರು ಹೊರಬಿಡುವಾಗ ಜಾಲರಿಯ ಹತ್ತಿರ ಉಕ್ಕಿ ಹಿಂದೆ ಬಂದರೆ ಒಳಗೆ ಕಸ ಕಟ್ಟಿದೆ. ಕೆಲಸ ಮಾಡಿದವರು ಸಿಮೆಂಟ್ ಚೂರು ಅಲ್ಲಿಗೇ ತಳ್ಳಿರುತ್ತಾರೆ, ಕೈ ಹಾಕಿ ತೆಗೆಯಿರಿ. ನಮ್ಮದರಲ್ಲಿ ಅರ್ಧ ಮಗ್ಗು ಸಿಕ್ಕಿತು, ಜೊತೆಗೆ ಅತ್ತೆ ಮೂರು ತಿಂಗಳಿಂದ ಹುಡುಕುತ್ತಿದ್ದ ಕಾಲುಂಗುರವೂ.